ಮೊಣಕಾಲುದ್ದದ ಸಮುದ್ರ ಹುಡುಕಿಕೊಂಡು

ಜೇವರ್ಗಿ ಕಾಲೋನಿ, ನಮ್ಮ ಮಾಳಿಗೆ

ನಮ್ಮ ಮಾಳಿಗೆಯ ಮೇಲೆ ನಿಂತು ಮೀನು ಹಿಡಿಯುವ ಗಂಡಸನ್ನು ಕಲಬುರಗಿಯ ಜೇವರ್ಗಿ ಕಾಲೋನಿಯ ಜನ ಹೆಚ್ಚುಕಡಿಮೆ ಒಂದು ವರ್ಷ ನೋಡಿದ್ದಾರೆ. ನೀರಿಲ್ಲ, ಮೀನಿಲ್ಲ, ಕೊಕ್ಕೆಯೂ ಇಲ್ಲ. ಉದ್ದನೆಯ ತೆಳ್ಳಗಿನ ಕೋಲು, ಅದರಿಂದ ಹೊರಟ ಹಳದಿ ದಾರ, ದಾರದ ತುದಿಗೆ ನನ್ನ ಹಳೆಯ ಸ್ವೆಟರಿನಿಂದ ಕಿತ್ತ ಕೆಂಪು ಉಣ್ಣೆಯ ಚೂರು. ಅದನ್ನು ಹಿಂದಕ್ಕೆ ಬೀಸಿ, ಅರೆಗಳಿಗೆ ತಡೆದು, ಮುಂದಕ್ಕೆ ಬೀಸಬೇಕು. ದಾರ ಗಾಳಿಯಲ್ಲಿ ಬಿಚ್ಚಿಕೊಳ್ಳುತ್ತ ಹೋಗಿ ನೀರಿನ ಟಾಕಿಯ ಹತ್ತಿರ ಇಟ್ಟ ಪ್ಲಾಸ್ಟಿಕ್ ಬುಟ್ಟಿಯೊಳಗೆ ಬೀಳಬೇಕು. ಹೆಚ್ಚಿನ ಸಲ ಅದು ಪಕ್ಕದ ಮನೆಯವರು ಒಣಹಾಕಿದ ಸೀರೆಯ ಮೇಲೆ ಬೀಳುತ್ತಿತ್ತು. ಸೀರೆ ಬಿಡಿಸಿಕೊಡುವ, ಕ್ಷಮೆ ಕೇಳುವ ಕೆಲಸ ನನ್ನದು.

ಆ ಗಂಡಸು ನನ್ನ ಯಜಮಾನರು, ಕಮಲಾಪುರದ ದನದ ಡಾಕ್ಟರು. ನರಗಳ ಬೇನೆಯೊಂದು ಬಂದು ಕತ್ತಿನ ಕೆಳಗೆಲ್ಲ ಸೋತು ಹಾಸಿಗೆ ಹಿಡಿದಿದ್ದರು. ತಿಂಗಳುಗಟ್ಟಲೆ ಮಲಗಿ ಎದ್ದ ಮೇಲೆ ಕಾಲು ಬಂದವು, ತೋಳು ಬಂದವು, ಎರಡೂ ಕೈಗಳಿಗೆ ಬಲ ಬಂತು. ಸ್ಪರ್ಶ ಮಾತ್ರ ಬರಲಿಲ್ಲ. ಕುದಿಯುವ ಚಹಾದ ಲೋಟ ಹಿಡಿದು ಅಂಗೈ ಕೆಂಪಾದ ಮೇಲೆ ಕಣ್ಣಿನಿಂದ ನೋಡಿ ತಿಳಿದುಕೊಳ್ಳುತ್ತಿದ್ದರು. ಬೇರೆ ಕೆಲಸದವರಿಗೆ ಇದು ನಡೆಯುತ್ತದೆ. ಆದರೆ ಇವರ ಕೆಲಸವೆಲ್ಲ ಕೈಯಲ್ಲಿಯೇ ಇರುವುದು. ಆಕಳು ಗಬ್ಬ ನಿಂತಿದೆಯೋ ಇಲ್ಲವೋ ಹೇಳುವುದಕ್ಕೆ ಮೊಣಕೈವರೆಗೆ ಕೈಯನ್ನು ಒಳಗೆ ಹಾಕಿ, ಕತ್ತಲಲ್ಲಿ ತಡವಿ, ಬೆರಳಿಗೆ ತಿಳಿದದ್ದನ್ನು ಹೇಳಬೇಕು. ಕಮಲಾಪುರದ ಸುತ್ತಲಿನ ಹಳ್ಳಿಗಳ ದನಗಳೆಲ್ಲ ಇವರ ಕೈಯನ್ನು ಬಲ್ಲವು. ಕಲಬುರಗಿಯ ಕಚೇರಿಯಲ್ಲಿ ಕುರ್ಚಿಯ ಕೆಲಸ ಕೊಡುತ್ತೇವೆ, ಬನ್ನಿ ಎಂದು ಮೇಲಿನವರು ಮರ್ಯಾದೆಯಿಂದಲೇ ಹೇಳಿದ್ದರು. ರಜೆ ಮುಗಿಯುವುದರೊಳಗೆ ಹೂಂ ಅನ್ನಬೇಕು, ಇಲ್ಲವೇ ಕಮಲಾಪುರಕ್ಕೆ ಮರಳಿ ಕೊಟ್ಟಿಗೆಯಲ್ಲಿ ನಿಲ್ಲಬೇಕು. ಮನೆಯಲ್ಲಿ ಆ ಮಾತು ಯಾರೂ ಎತ್ತುತ್ತಿರಲಿಲ್ಲ.

ಮಲಗಿದ್ದಾಗ ಮೊಬೈಲಿನಲ್ಲಿ ನೋಡಿದ್ದೆಲ್ಲ ಮೀನು ಹಿಡಿಯುವ ವಿಡಿಯೊ. ಭುಜಕ್ಕೂ ಮಣಿಕಟ್ಟಿಗೂ ಇದು ಒಳ್ಳೆಯ ವ್ಯಾಯಾಮ ಎಂದು ಫಿಸಿಯೋಥೆರಪಿಯ ಹುಡುಗಿ ಹೇಳಿದ್ದೇ ತಡ, ಕೋಲು ತರಿಸಿದರು. ಒಂದು ಸಂಜೆ ಮಾಳಿಗೆಯಿಂದ ಇಳಿದು ಬಂದು ಅಂದರು, "ಸುನಂದಾ, ಒಮ್ಮೆ ಖರೆ ನೀರಾಗ ನಿಂತು ಬೀಸಬೇಕು ನೋಡು."

ನಾನು ಹತ್ತನೇ ತರಗತಿಯ ಮಕ್ಕಳಿಗೆ ಭೂಗೋಳದ ಟ್ಯೂಷನ್ ಹೇಳುವವಳು. ಉಬ್ಬರ, ಇಳಿತ, ಹವಳದ ದಿಬ್ಬ ಎಲ್ಲವನ್ನೂ ಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆದವಳೇ ಹೊರತು ಸಮುದ್ರಕ್ಕೆ ಕಾಲಿಟ್ಟವಳಲ್ಲ. ಅಟ್ಲಾಸ್ ತೆಗೆದು ಕೂತೆ.

ಈ ಬಗೆಯ ಮೀನು ಹಿಡಿಯುವುದಕ್ಕೆ ಎಲ್ಲ ಸಮುದ್ರವೂ ಆಗುವುದಿಲ್ಲ ಎಂದು ನನಗೆ ಆಗ ತಿಳಿಯಿತು. ಬಿಸಿಲ ನಾಡಿನ ಸಮುದ್ರ ಬೇಕು, ದಂಡೆಯಿಂದ ಬಹುದೂರ ತಳ ಸಮನಾಗಿರಬೇಕು, ನೀರು ಕನ್ನಡಿಯಂತೆ ತಿಳಿಯಾಗಿರಬೇಕು. ಮೊಣಕಾಲುದ್ದದ ಉಪ್ಪುನೀರಿನಲ್ಲಿ ಮೆಲ್ಲಗೆ ನಡೆಯುತ್ತ, ಮೀನನ್ನು ಮೊದಲು ಕಣ್ಣಿನಿಂದ ಹುಡುಕಿ, ಆಮೇಲೆ ಅದರ ಮುಂದೆ ದಾರ ಬೀಸಬೇಕು. ಹಿಡಿದದ್ದನ್ನು ಅಲ್ಲಿಯೇ ಬಿಟ್ಟುಬಿಡಬೇಕು. ಈ ಕೊನೆಯ ಮಾತು ಕೇಳಿದ ಮೇಲೆಯೇ, ಜೀವಹತ್ಯೆ ಬೇಡವೆಂದು ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಫೋನಿನ ಮೇಲೆ ಫೋನು ಮಾಡುತ್ತಿದ್ದ ನನ್ನ ತವರಿನ ವೈಷ್ಣವರು ಸುಮ್ಮನಾದದ್ದು.

ಯಜಮಾನರು ಬಹಾಮಾಸ್ ಎಂದರು. ನಕ್ಷೆಯ ಮೇಲೆ ಬೆರಳಿಟ್ಟೆ. ವಿಮಾನ ಬದಲಿಸಿ ಬದಲಿಸಿ ತಲುಪುವಷ್ಟರಲ್ಲಿ ನನ್ನ ರೋಗಿ ಮತ್ತೆ ಹಾಸಿಗೆ ಹಿಡಿಯುತ್ತಾರೆ. ಪೆಸಿಫಿಕ್ ನಡುವಿನ ದ್ವೀಪವೊಂದನ್ನು ತೋರಿಸಿದರು; ಅಲ್ಲಿಗೆ ಹೋದರೆ ತಾರೀಖೇ ಬದಲಾಗುತ್ತದೆ, ಮಾತ್ರೆ ಯಾವಾಗ ಕೊಡಲಿ? ಸೇಷೆಲ್ಸಿನ ಹೊರದ್ವೀಪಗಳಲ್ಲಿ ಮೀನು ದೊಡ್ಡವಂತೆ, ಆಸ್ಪತ್ರೆ ಮಾತ್ರ ದೂರ. ಮಾಲ್ದೀವ್ಸಿನ ಚಿತ್ರಗಳಲ್ಲಿ ಮರಳು ಚೆಂದ, ಆದರೆ ನಾಲ್ಕು ಹೆಜ್ಜೆಗೆ ತಳ ಮುಗಿದು ನೀರು ಕಡುನೀಲಿ ಆಗುತ್ತಿತ್ತು. ಕೊನೆಗೆ ಮಾರಿಷಸ್ಸಿನ ಪೂರ್ವಕ್ಕೆ ಸಾಸಿವೆ ಕಾಳಿನಷ್ಟು ಒಂದು ಚುಕ್ಕೆ ಸಿಕ್ಕಿತು, ರೋಡ್ರಿಗ್ಸ್. ಸುತ್ತಲೂ ಹವಳದ ಗೋಡೆ, ಆ ಗೋಡೆಯ ಒಳಗಿನ ನೀರು ದ್ವೀಪಕ್ಕಿಂತ ದೊಡ್ಡದು, ಬಹುಪಾಲು ನಡೆದು ದಾಟುವಷ್ಟೇ ಆಳ. ಅಲ್ಲಿ ಮೀನು ಕಡಿಮೆ, ಸಣ್ಣವು ಎಂದು ಇವರು ಗೊಣಗಿದರು. ದೊಡ್ಡ ಮೀನು ಬೇಕಾದವರು ಬೇರೆ ಕಡೆ ಹೋಗಲಿ ಎಂದೆ. ನನಗೆ ಬೇಕಾಗಿದ್ದದ್ದು ನನ್ನ ಗಂಡ ಬಿದ್ದರೆ ತಾನೇ ಎದ್ದು ನಿಲ್ಲಬಹುದಾದ ಸಮುದ್ರ.

ಕಮಲಾಪುರ, ಅತ್ತೆಯ ಮನೆ

ಹೊರಡುವ ಮುಂಚೆ ಅತ್ತೆಗೆ ಹೇಳಿಬರಲು ಹೋದೆವು. ಮೈದುನ ಕೆಂಪು ಬಾಳೆಯ ತೋಟ ನೋಡಿಕೊಳ್ಳುತ್ತಾನೆ. ಅತ್ತೆ ಮೈದುನನನ್ನು ನೋಡಿಕೊಳ್ಳುತ್ತಾರೆ.

"ಹಿಡದು ಬಿಡೂದಾದ್ರ ಹಿಡಿಯೂದ್ಯಾಕ?" ಎಂದು ಅತ್ತೆ ಕೇಳಿದರು. "ಆ ಮೀನು ನಿಮಗೇನ್ ಮಾಡ್ಯದ?"

"ಯವ್ವಾ, ಕೈಯಾಗ ಹಿಡದು ನೋಡಿ ಬಿಡ್ತೀನಿ, ಅಷ್ಟ."

"ಅಷ್ಟಕ್ಕ ಸಮುದ್ರ ದಾಟಬೇಕೇನು? ನಮ್ಮ ಹಳ್ಳದಾಗ ಮೀನಿಲ್ಲೇನು?"

"ಹಳ್ಳದ ನೀರು ರಾಡಿ ಅದ. ಮೀನು ಕಾಣೂದಿಲ್ಲವ್ವಾ."

ಅತ್ತೆ ಮಗನ ಕೈಯನ್ನು ಹಿಡಿದುಕೊಂಡರು. ಹಿಡಿದದ್ದು ಮಗನಿಗೆ ತಿಳಿಯಿತೋ ಇಲ್ಲವೋ ಎಂದು ಮುಖ ನೋಡಿದರು. ಆಮೇಲೆ ಎದ್ದು ಒಳಗೆ ಹೋಗಿ ಒಂದು ದೊಡ್ಡ ಸ್ಟೀಲಿನ ಡಬ್ಬಿ ತಂದು ನನ್ನ ಮಡಿಲಿಗಿಟ್ಟರು. ಹಸಿ ಹಣ್ಣು ಒಯ್ಯಲು ಬಿಡುವುದಿಲ್ಲ ಎಂದು ನಾನು ಫೋನಿನಲ್ಲಿ ಹೇಳಿದ್ದಕ್ಕೆ, ಕೆಂಪು ಬಾಳೆಹಣ್ಣನ್ನು ಹೋಳು ಮಾಡಿ, ಬೆಲ್ಲದ ಪಾಕ ಸವರಿ, ಬಿಸಿಲಿಗೆ ಒಣಗಿಸಿ ತುಂಬಿದ್ದರು.

"ನಿಮ್ಮನ್ನ ದೋಣ್ಯಾಗ ಕರಕೊಂಡು ಹೋಗಾಂವ ಇರ್ತಾನಲ್ಲ, ಅವನಿಗಿ ಮೊದಲ ಕೊಡ್ರಿ. ಬರಿಗೈಲೆ ಹೋಗಬ್ಯಾಡ್ರಿ. ಅವನ ಕೈಯಾಗ ನಿಮ್ಮ ಜೀವ ಇರ್ತದ."

ಗರಿಗರಿ ಕಟಕ ರೊಟ್ಟಿ, ಅದಕ್ಕೆ ಶೇಂಗಾ ಹಿಂಡಿಯ ಪುಡಿ ಬೇರೆ. ನಮ್ಮ ಸಾಮಾನಿನಲ್ಲಿ ಬಟ್ಟೆ ಎಲ್ಲಿತ್ತು ಎಂದು ಈಗ ನೆನಪಿಲ್ಲ.

ಪೋರ್ಟ್ ಮಾಥುರಿನ್

ರೋಡ್ರಿಗ್ಸಿನ ಮುಖ್ಯ ಊರು ಪೋರ್ಟ್ ಮಾಥುರಿನ್ ಕಲಬುರಗಿಯ ನಮ್ಮ ಸೂಪರ್ ಮಾರ್ಕೆಟ್ ಪೇಟೆಯ ಒಂದು ಮೂಲೆಯಷ್ಟಿದೆ. ಬೆಳಗಿನ ಸಂತೆಗೆ ಹೋದರೆ ಎಲ್ಲರೂ ಎಲ್ಲರಿಗೂ ನಮಸ್ಕಾರ ಹೇಳುತ್ತಾರೆ. ಗುರುತಿಲ್ಲದ ನಮಗೂ ಹೇಳಿದರು. ಬಸ್ಸು ಹತ್ತುವವರು ಒಳಗೆ ಕೂತವರಿಗೆಲ್ಲ ಒಟ್ಟಾಗಿ ಹೇಳಿದರು. ನಮ್ಮೂರಿನ ಜಗತ್ ಸರ್ಕಲ್ಲಿನಲ್ಲಿ ಹೀಗೆ ಶುರುಮಾಡಿದರೆ ಮನೆ ಮುಟ್ಟುವುದು ಮಾರನೆಯ ದಿನ. ಸಂತೆ ಮಾತ್ರ ಕಮಲಾಪುರದ ಸಂತೆಯೇ: ಕೆಂಪು ಅವರೆಯಂಥ ಕಾಳು, ಮೆಕ್ಕೆಜೋಳ, ನಿಂಬೆಕಾಯಿ, ಗಿಡ್ಡ ಮೆಣಸಿನಕಾಯಿ, ಮತ್ತು ತೂಕದ ಮೇಲೆ ಇನ್ನೊಂದು ಹಿಡಿ ಹಾಕುವ ಹೆಂಗಸರು.

ನಾವು ಉಳಿದದ್ದು ದಂಡೆಯ ಹತ್ತಿರದ ಒಂದು ಮನೆಯಲ್ಲಿ. ಮನೆಯ ಮಾಲೀಕ ಮಾರ್ಸೆಲ್, ಐವತ್ತು ದಾಟಿದವನು, ಹೊರಗಿನಿಂದ ಬಂದವರನ್ನು ದೋಣಿಯಲ್ಲಿ ಕರೆದೊಯ್ದು ಮೀನು ತೋರಿಸುವುದು ಅವನ ಉದ್ಯೋಗ. ಅವನ ಹೆಂಡತಿ ಲಿಸೆಟ್ ನೀರು ಇಳಿದಾಗ ಸಮುದ್ರದಲ್ಲಿ ನಡೆದು, ಕಬ್ಬಿಣದ ಸರಳಿನಿಂದ ಆಕ್ಟೋಪಸ್ ಹಿಡಿಯುತ್ತಾಳೆ. ಅಂಗಳದ ತಂತಿಯ ಮೇಲೆ ಅವು ಒಣಗುತ್ತಿದ್ದವು. ಮೊದಲ ದಿನ ದೂರದಿಂದ ಅದನ್ನು ಯಾರದೋ ಒಳಅಂಗಿ ಎಂದುಕೊಂಡು ಮುಖ ತಿರುಗಿಸಿದ್ದೆ. ನಾವು ಕಾಯಿಪಲ್ಯ ತಿನ್ನುವವರು ಎಂದಾಗ ಲಿಸೆಟ್ ಯಾವ ಪ್ರಶ್ನೆಯನ್ನೂ ಕೇಳದೆ ಮೆಕ್ಕೆಜೋಳದ ನುಚ್ಚು, ಕೆಂಪು ಕಾಳಿನ ಸಾರು ಮಾಡಿ ಬಡಿಸಿದಳು. ಪರದೇಶದಲ್ಲಿ ಉಪವಾಸ ಬೀಳುತ್ತೇನೆ ಎಂದು ಹೆದರಿ ಹೋದವಳು ನಾನು. ಅವಳ ಋಣ ದೊಡ್ಡದು.

ದೋಣಿ

ಮರುದಿನ ಬೆಳಿಗ್ಗೆ ಮಾರ್ಸೆಲ್ ದೋಣಿಯ ಮೋಟಾರು ಹಚ್ಚಿದ. ದಂಡೆ ಬಿಟ್ಟು ಒಂದಿಷ್ಟು ದೂರ ಬಂದ ಮೇಲೆ ನಾನು ಅತ್ತೆಯ ಮಾತು ನೆನೆದು, ಡಬ್ಬಿ ತೆರೆದು, ಎರಡೂ ಕೈಯಲ್ಲಿ ಹಿಡಿದು ಅವನ ಮುಂದೆ ಚಾಚಿದೆ.

"ಏನಿದು?" ಎಂದು ಇಂಗ್ಲಿಷಿನಲ್ಲಿ ಕೇಳಿದ.

"ನಮ್ಮೂರಿನ ಬಾಳೆಹಣ್ಣು. ನಿಮಗಾಗಿ."

ಮಾರ್ಸೆಲನ ಮುಖದ ಬಣ್ಣ ಹೋಯಿತು. ಡಬ್ಬಿಯಲ್ಲಿ ಹಾವು ಕಂಡವನಂತೆ ಹಿಂದೆ ಸರಿದ. ದೋಣಿ ತಿರುಗಿಸಿ, ಬಂದ ದಾರಿಯಲ್ಲೇ ದಂಡೆಗೆ ತಂದು ನಿಲ್ಲಿಸಿದ. ಡಬ್ಬಿಯನ್ನು ನಾನೇ ಇಳಿದು ಮನೆಗೆ ಒಯ್ಯಬೇಕಾಯಿತು. ಮರಳಿ ಬಂದಾಗ ಸಮುದ್ರದ ನೀರಿನಿಂದ ನನ್ನ ಕೈ ತೊಳೆಸಿದ, ನಾನು ಕೂತ ಹಲಗೆಯನ್ನೂ ತೊಳೆದ. ಆಮೇಲೆಯೇ ಬಾಯಿ ಬಿಟ್ಟದ್ದು. ಬೇರೆ ದ್ವೀಪಗಳಲ್ಲಿ ಪರದೇಶದವರ ದೋಣಿಗಳಲ್ಲಿ ಕೆಲಸ ಮಾಡುವಾಗ ಕಲಿತನಂತೆ: ಬಾಳೆಹಣ್ಣು ಹತ್ತಿದ ದೋಣಿಗೆ ಮೀನು ಹತ್ತುವುದಿಲ್ಲ. ಮೋಟಾರೂ ಕೆಡುತ್ತದೆ. ಕೆಲವು ಸಲ ದೋಣಿಯೇ ಮುಳುಗುತ್ತದೆ.

ನಮ್ಮಲ್ಲಿ ಬಾಳೆಹಣ್ಣಿಲ್ಲದೆ ಒಂದು ಪೂಜೆ ಮುಗಿಯುವುದಿಲ್ಲ, ಒಂದು ಉಡಿ ತುಂಬುವುದಿಲ್ಲ. ಮಂಗಳದ ವಸ್ತು ಎಂದು ಸಮುದ್ರ ದಾಟಿಸಿ ತಂದು, ಈ ಪುಣ್ಯಾತ್ಮನಿಗೆ ಅಪಶಕುನ ಮಾಡಿಟ್ಟೆನಲ್ಲ ಎಂದು ನನಗೆ ಅಳುವೇ ಬಂತು. ಯಜಮಾನರು ಮಾತ್ರ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಬೇನೆ ಬಂದ ಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಮಾರ್ಸೆಲನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಹೊಸ ಕಾರು ಕೊಂಡಾಗ ನಾಲ್ಕೂ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು, ಅವು ಅಪ್ಪಚ್ಚಿಯಾದ ಮೇಲೆಯೇ ಕಾರು ಹತ್ತಿದ ಭೂಗೋಳದ ಟೀಚರು ನಾನು. ಯಾವ ಬಾಯಿಂದ ನಗಲಿ?

ಆ ದಿನ ಒಂದು ಮೀನೂ ಸಿಗಲಿಲ್ಲ. ಮರುದಿನ ಮಾರ್ಸೆಲ್ ನಮ್ಮ ಚೀಲ ತಪಾಸಣೆ ಮಾಡಿಯೇ ದೋಣಿ ಹತ್ತಿಸಿದ. ಅರ್ಧ ದಾರಿಯಲ್ಲಿ ಯಜಮಾನರು ಮೆಲ್ಲಗೆ ಬಾಯಾಡಿಸುತ್ತಿರುವುದು ಕಂಡಿತು.

"ಏನ್ ತಿನ್ನಾಕತ್ತೀರಿ?" ಎಂದೆ.

"ಏನಿಲ್ಲ."

"ಬಾಯಿ ತಗೀರಿ."

ಅಂಗಿಯ ಕಿಸೆಯಲ್ಲಿ ಐದಾರು ಹೋಳಿದ್ದವು. ದೋಣಿ ಮತ್ತೊಮ್ಮೆ ದಂಡೆಗೆ ತಿರುಗಿತು.

ಡಬ್ಬಿಯನ್ನು ಲಿಸೆಟ್‌ಗೆ ಕೊಟ್ಟುಬಿಟ್ಟೆ. ಬಾಳೆಹಣ್ಣಿನ ಜಗಳ ದೋಣಿಗೆ, ಅಡುಗೆಮನೆಗಲ್ಲ ಎಂದು ಅವಳು ನಕ್ಕು, ನಿಂತಲ್ಲೇ ನಾಲ್ಕು ಹೋಳು ತಿಂದಳು. ಸಂಜೆ ಡಬ್ಬಿ ನಮ್ಮ ಕೋಣೆಗೆ ಮರಳಿ ಬಂತು, ಒಳಗೆ ನಿಂಬೆಕಾಯಿ ಉಪ್ಪಿನಕಾಯಿ. ಯಾರ ಮನೆಯ ಡಬ್ಬಿಯನ್ನೂ ಖಾಲಿ ತಿರುಗಿಸಬಾರದು ಎಂದು ಅವಳ ತಾಯಿ ಹೇಳುತ್ತಿದ್ದಳಂತೆ. ನನ್ನ ತಾಯಿಯೂ ಹಾಗೆಯೇ ಹೇಳುತ್ತಿದ್ದಳು.

ಮರಳು ನೆಲ

ಹವಳದ ಗೋಡೆಯ ಒಳಗಿನ ಆ ನೀರಿನಲ್ಲಿ ಮೊದಲ ಸಲ ಇಳಿದಾಗ ನನಗೆ ನಂಬಿಕೆ ಬರಲಿಲ್ಲ. ಕಣ್ಣು ಹರಿಯುವವರೆಗೂ ಸಮುದ್ರ, ಮತ್ತು ಅದರ ನಡುವೆ ನಾನು ಮೊಣಕಾಲವರೆಗೆ ಸೀರೆ ಎತ್ತಿ ಕಟ್ಟಿ ನಿಂತಿದ್ದೇನೆ. ಕಾಲಕೆಳಗಿನ ಮರಳಿನ ಗೆರೆಗಳೂ ಎಣಿಸುವಂತಿದ್ದವು. ಬೂಟು ಹಾಕಿಕೊಳ್ಳಿ ಎಂದು ಮಾರ್ಸೆಲ್ ಹೇಳಿದ್ದನ್ನು ಕೇಳದೆ ಚಪ್ಪಲಿಯಲ್ಲಿ ಹೋಗಿದ್ದೆ. ಎಡಗಾಲಿನದು ತೇಲಿ ಹೊರಟೇ ಹೋಯಿತು. ದೂರದಲ್ಲಿ ಲಿಸೆಟ್ ಮತ್ತು ಅವಳ ಜೊತೆಯವರು ಸರಳು ಹಿಡಿದು, ದೊಡ್ಡ ಟೋಪಿ ಹಾಕಿ, ಬಾಗಿ ನಡೆಯುತ್ತಿದ್ದರು. ಶೇಂಗಾ ಹೊಲದಲ್ಲಿ ಕಳೆ ತೆಗೆಯುವ ನಮ್ಮ ಹೆಂಗಸರಂತೆಯೇ ಒಂದೇ ಸಾಲು, ಒಂದೇ ಹರಟೆ. ಅವರಲ್ಲೊಬ್ಬಳು ನನ್ನ ಚಪ್ಪಲಿಯನ್ನು ಸರಳಿಗೆ ಚುಚ್ಚಿ ಮೇಲೆತ್ತಿ ತೋರಿಸಿದಾಗ ಸಮುದ್ರವೆಲ್ಲ ನಕ್ಕಿತು.

ಮೀನು ಮಾತ್ರ ಹಠಮಾರಿ. ನಾವು ಹುಡುಕುತ್ತಿದ್ದ ಬೋನ್‌ಫಿಶ್ ಎಂಬ ಬೆಳ್ಳಿ ಬಣ್ಣದ ಮೀನು ಕಣ್ಣಿಗೆ ಬೀಳುವುದಿಲ್ಲ. ಮರಳಿನ ಮೇಲೆ ಅದರ ನೆರಳು ಬೀಳುತ್ತದೆ. ಮಾರ್ಸೆಲ್ ತೋರಿಸಿದಲ್ಲಿ ಯಜಮಾನರು ದಾರ ಬೀಸಿದರು. ಮಾಳಿಗೆಯ ಮೇಲಿನ ವರ್ಷದ ದುಡಿಮೆ ಸುಳ್ಳಾಗಲಿಲ್ಲ. ಸೀಗಡಿಯಂತೆ ಕಾಣಲೆಂದು ನೂಲು ಸುತ್ತಿದ ಕೊಕ್ಕೆ ನೆರಳಿನ ಮೂಗಿನ ಮುಂದೆಯೇ ಬಿತ್ತು. ನನಗೆ ಕೂಗಿ ಚಪ್ಪಾಳೆ ತಟ್ಟುವಷ್ಟು ಖುಷಿಯಾಯಿತು.

"ಕಚ್ಚಿತು! ಎಳೆಯಿರಿ!" ಎಂದು ಮಾರ್ಸೆಲ್ ಕೂಗಿದ.

ಅವರು ದಾರ ಹಿಡಿದು ಸುಮ್ಮನೆ ನಿಂತಿದ್ದರು. ಮೀನು ಕೊಕ್ಕೆಯನ್ನು ಉಗುಳಿ ಹೋಯಿತು. ಎರಡನೆಯ ಸಲವೂ ಹಾಗೆಯೇ. ಮೂರನೆಯ ಸಲ ಮಾರ್ಸೆಲನಿಗೆ ಸಿಟ್ಟು ಬಂದು, "ಬೆರಳಿಗೆ ಗೊತ್ತಾಗಲಿಲ್ಲವೇ?" ಎಂದ. ಕಚ್ಚುವ ಮೀನು ದಾರವನ್ನು ಸಣ್ಣಗೆ ಜಗ್ಗುತ್ತದೆ. ಅದು ಬೆರಳಿನಲ್ಲೇ ತಿಳಿಯಬೇಕು. ಯಜಮಾನರು ದಾರವನ್ನು ಕೋಲಿನ ಗಾಲಿಗೆ ಸುತ್ತತೊಡಗಿದರು.

ಅಂದು ಸಂಜೆ ಅಂಗಳದ ಬೆಂಚಿನ ಮೇಲೆ ಕೂತಾಗ ಅವರೇ ಮಾತು ತೆಗೆದರು. "ಸುನಂದಾ, ಆಫೀಸಿಗಿ ಹೂಂ ಅಂತ ಹೇಳಿಬಿಡ್ತೀನಿ. ಮೀನು ಕಚ್ಚಿದ್ದ ತಿಳೀವಲ್ದು ನನಗ. ಎಮ್ಮಿ ಹೊಟ್ಟ್ಯಾಗಿನ ಕರು ಹ್ಯಾಂಗ ತಿಳೀತದ?"

ಇಷ್ಟು ದೂರ ಕರೆದುಕೊಂಡು ಬಂದು ಇವರಿಗೆ ಇದನ್ನೇ ತಿಳಿಸಿದೆನಲ್ಲ ಎಂದು ನನ್ನ ಮೇಲೆಯೇ ಕೋಪ ಬಂತು. ಎದ್ದು ಹೋಗಿ ಮಾರ್ಸೆಲನಿಗೆ ಕೈಯ ಸಂಗತಿ ಎಲ್ಲ ಹೇಳಿಬಿಟ್ಟೆ. ಅವನು ಕೇಳಿಸಿಕೊಂಡು, ತಲೆ ಕೆರೆದುಕೊಂಡು, "ಹಾಗಾದರೆ ಬಾಳೆಹಣ್ಣಿನ ತಪ್ಪಲ್ಲ," ಎಂದ. ಅವನಿಗೆ ಅದರಿಂದ ನಿಜಕ್ಕೂ ಸಮಾಧಾನವಾದಂತೆ ಕಂಡಿತು.

ಕೊನೆಯ ದಿನದ ನೀರು

"ಇವತ್ತು ಬೆರಳು ಮರೆತುಬಿಡಿ," ಎಂದ ಮಾರ್ಸೆಲ್. "ದಾರ ನೀರು ಮುಟ್ಟುವ ಜಾಗ ನೋಡುತ್ತಿರಿ. ಅದು ನೆಟ್ಟಗಾದರೆ ಎಳೆಯಿರಿ."

ಬಹಳ ಹೊತ್ತು ನಡೆದೆವು. ಒಂದು ನೆರಳು ಬಂತು. ದಾರ ಹೋಗಿ ಬಿತ್ತು. ಸಡಿಲವಾಗಿದ್ದ ದಾರ ಇದ್ದಕ್ಕಿದ್ದಂತೆ ನೆಟ್ಟಗಾಯಿತು, ಯಜಮಾನರು ಎಳೆದರು. ಆಮೇಲೆ ಆದದ್ದನ್ನು ಹೇಳಲು ನನಗೆ ಬರುವುದಿಲ್ಲ. ಕೋಲಿನ ಗಾಲಿಯಿಂದ ದಾರ ಚೀರುತ್ತ ಹೊರಟಿತು, ಮೀನು ಆ ಸಮುದ್ರವನ್ನೇ ಸೀಳಿಕೊಂಡು ಓಡಿತು, ನಾನು ಒಂದು ಕೈಯಲ್ಲಿ ಸೀರೆ ಇನ್ನೊಂದು ಕೈಯಲ್ಲಿ ಚಪ್ಪಲಿ ಹಿಡಿದು, "ಬಿಡಬ್ಯಾಡ್ರಿ, ಬಿಡಬ್ಯಾಡ್ರೀ!" ಎಂದು ಕಿರುಚುತ್ತಿದ್ದೆ. ತೋಳು ಸೋಲಲಿಲ್ಲ. ಕಾಲೂ ಸೋಲಲಿಲ್ಲ. ಓಡಿ ಓಡಿ ದಣಿದ ಮೀನು ಕೊನೆಗೆ ಅವರ ಮೊಣಕಾಲ ಹತ್ತಿರ ಬಂದು ಮಗ್ಗುಲಾಯಿತು.

ಕೈ ಒದ್ದೆ ಮಾಡಿಕೊಳ್ಳಲು ಮಾರ್ಸೆಲ್ ಹೇಳಿದ. ಕೊಕ್ಕೆ ಬಿಡಿಸಿ, ಮೀನನ್ನು ನೀರಿನೊಳಗೇ ಅವರ ಅಂಗೈಯ ಮೇಲೆ ಮಲಗಿಸಿದ. ದಣಿದ ಮೀನನ್ನು ಹಾಗೇ ಬಿಟ್ಟರೆ ಹತ್ತಿರ ಸುಳಿಯುವ ಮರಿ ಶಾರ್ಕುಗಳು ಬಿಡುವುದಿಲ್ಲ. ಅದಕ್ಕೆ ಉಸಿರು ಕೂಡುವವರೆಗೆ ಕೈಯಲ್ಲಿ ಹಿಡಿದಿರಬೇಕು. ಸ್ವಲ್ಪ ಹೊತ್ತಾದ ಮೇಲೆ, "ಸಾಕು, ಬಿಡಿ," ಎಂದ.

"ಇನ್ನೂ ಇಲ್ಲ," ಎಂದರು ಯಜಮಾನರು ಇಂಗ್ಲಿಷಿನಲ್ಲಿ.

"ಆಗಿದೆ, ಬಿಡಿ."

"ಇಲ್ಲ." ಅವರು ಮೀನಿನ ಕಡೆ ನೋಡುತ್ತಲೇ ಇರಲಿಲ್ಲ, ಎಲ್ಲೋ ದೂರ ನೋಡುತ್ತ, ತಲೆ ತುಸು ವಾಲಿಸಿ ಮಂಡಿಯೂರಿದ್ದರು. ಕಮಲಾಪುರದ ದನಗಳ ಹಿಂದೆ ಹಾಗೆಯೇ ತಲೆ ವಾಲಿಸಿ ನಿಂತದ್ದನ್ನು ಎಷ್ಟೋ ಸಲ ನೋಡಿದ್ದೇನೆ.

"ಈಗ," ಎಂದು ಅಂಗೈ ಬಿಚ್ಚಿದರು. ಮೀನು ಬಾಣದಂತೆ ಹೋಯಿತು, ಮರಳಿನ ಮೇಲೆ ಅದರ ನೆರಳೂ ನಿಲ್ಲಲಿಲ್ಲ.

ಮಾರ್ಸೆಲ್ ತಲೆದೂಗಿದ. ನಾನು ನೀರಿನಲ್ಲೇ ಕೂತುಬಿಟ್ಟೆ. "ನಿಮಗ ಹ್ಯಾಂಗ ಗೊತ್ತಾತು?"

"ಬೆರಳಿಗಿ ಗೊತ್ತಾಗಲಿಲ್ಲ," ಎಂದರು ಅವರು. ಒದ್ದೆ ಅಂಗೈಯನ್ನು ತಿರುಗಿಸಿ ನೋಡಿಕೊಂಡರು. "ಅಂಗೈಯಾಗ ಒತ್ತಾಕತ್ತಿತ್ತು. ಮೊದಲು ಸಣ್ಣಗ, ಆಮ್ಯಾಲ ಜೋರು. ಕರು ಹೊಟ್ಟ್ಯಾಗ ಹೊರಳಿದಂಗ."

ಆ ನೀರಿಗೆ, ಆ ಮೀನಿಗೆ, ಬಾಳೆಹಣ್ಣನ್ನು ಕ್ಷಮಿಸಿದ ಮಾರ್ಸೆಲನಿಗೆ ಅಲ್ಲಿಯೇ ಕೈ ಮುಗಿದೆ. ದೇವರ ಹೆಸರು ಯಾವುದನ್ನು ಹೇಳಿದೆನೋ ನೆನಪಿಲ್ಲ, ಬಹುಶಃ ಎಲ್ಲವನ್ನೂ ಹೇಳಿರಬೇಕು.

ಮತ್ತೆ ಕಮಲಾಪುರ

ಸಮುದ್ರದಲ್ಲಿ ತಿಳಿದದ್ದು ಕೊಟ್ಟಿಗೆಯಲ್ಲಿ ತಿಳಿಯಬೇಕಲ್ಲ? ರಜೆ ಇನ್ನೂ ಸ್ವಲ್ಪ ಉಳಿದಿತ್ತು. ಕಚೇರಿಗೆ ಏನೂ ಹೇಳದೆ ಸಂತೆಯ ದಿನ ಕಮಲಾಪುರದ ಬಸ್ಸು ಹತ್ತಿದರು. ಟ್ಯೂಷನ್ ಮಕ್ಕಳಿಗೆ ಸೂಟಿ ಕೊಟ್ಟು ನಾನೂ ಹತ್ತಿದೆ. ಅವರು ಬೇಡ ಅನ್ನಲಿಲ್ಲ.

ದನದ ದವಾಖಾನೆಯ ಅಂಗಳದಲ್ಲಿ ಒಬ್ಬ ಹೆಣ್ಣುಮಗಳು ಎಮ್ಮೆ ಹಿಡಿದು ನಿಂತಿದ್ದಳು. ಇವರನ್ನು ಕಂಡವಳೇ, "ಬಂದ್ರೇನ್ರಿ ಡಾಕ್ಟರ್ ಸಾಹೇಬ್ರ! ಜರಾ ನೋಡ್ರಿ, ಇದು ನಿಂತದೋ ಇಲ್ಲೋ ತಿಳೀವಲ್ದು," ಎಂದಳು. ಬೇನೆಯ ಸುದ್ದಿ ಅವಳಿಗೆ ಗೊತ್ತಿದ್ದಂತೆ ಕಾಣಲಿಲ್ಲ. ಗೊತ್ತಿದ್ದರೂ ಅವಳಿಗೆ ಎಮ್ಮೆಯ ಚಿಂತೆಯೇ ದೊಡ್ಡದು.

ಯಜಮಾನರು ಅಂಗಿಯ ತೋಳು ಮಡಚಿದರು, ಉದ್ದನೆಯ ಕೈಗವಸು ಹಾಕಿದರು, ಸಾಬೂನಿನ ನೀರು ಸವರಿದರು. ಕೈ ಒಳಗೆ ಹೋಯಿತು. ನಾನು ಬೇವಿನ ಗಿಡದ ಕೆಳಗೆ ನಿಂತು ಅವರ ಮುಖವನ್ನೇ ನೋಡುತ್ತಿದ್ದೆ. ಎಮ್ಮೆ ಒಮ್ಮೆ ಕಾಲು ಬದಲಿಸಿತು. ಅವರು ತಡವಿದರು, ನಿಂತರು, ಕೈಯನ್ನು ಇನ್ನೂ ಸ್ವಲ್ಪ ಒಳಗೆ ಹಾಕಿದರು, ಬಹಳ ಹೊತ್ತು ಅಲ್ಲಾಡಲಿಲ್ಲ. ಇಷ್ಟು ತಡ ಹಿಂದೆಂದೂ ಮಾಡಿದವರಲ್ಲ. ಆಮೇಲೆ ಕೈ ಹೊರತೆಗೆದು, ಅವಳ ಕಡೆ ತಿರುಗಿ, "ಗಬ್ಬ ನಿಂತದ. ಮೂರು ತಿಂಗಳು ದಾಟ್ಯದ," ಎಂದರು.

ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಎಷ್ಟು ತಡೆದರೂ ತಡೆಯಲಾಗಲಿಲ್ಲ. ಆ ಹೆಣ್ಣುಮಗಳು ಎಮ್ಮೆಯ ಹಗ್ಗ ಬಿಟ್ಟು ಗಾಬರಿಯಿಂದ ನನ್ನ ಹತ್ತಿರ ಓಡಿಬಂದಳು.

"ಯಾಕ್ರಿ ಅಕ್ಕಾರ? ಎಮ್ಮಿ ನಂದು. ಗಬ್ಬ ನಿಂತದಂದ್ರ ನೀವ್ಯಾಕ ಅಳಾಕತ್ತೀರಿ?"